ಮೇ 28ರಂದು ನಾಲ್ಕೂ ಹೆಸರು ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಾರ್ಗಿಲ್ ಯುದ್ಧದ ಬಗ್ಗೆ ಬರೆಯಲು ಜುಲೈ 26ರ ವಿಜಯ ದಿನದವರೆಗೆ ಕಾಯಬೇಡಿ ಅಂತ ಹೇಳುವುದಕ್ಕೆ ಈ ಪತ್ರ. ಆ ದಿನ ಬಂತು ಅಂದರೆ ಎಲ್ಲ ಪತ್ರಿಕೆಗಳಲ್ಲೂ ಒಂದು ಪುಟ ಇರುತ್ತದೆ, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದ ಸೈನಿಕರ ಫೋಟೊ ಇರುತ್ತದೆ, ಬೋಫೋರ್ಸ್ ಫಿರಂಗಿ ಇರುತ್ತದೆ, ಒಬ್ಬ ನಿವೃತ್ತ ಅಧಿಕಾರಿಯ ಸಂದರ್ಶನವೂ ಇರುತ್ತದೆ. ಇರಲಿ, ಬೇಕು. ಆದರೆ ಮೇ 28 ಸುಮ್ನೆ ಬಂದು ಸುಮ್ನೆ ಹೋಗುತ್ತದೆ. 1999ರ ಆ ದಿನ ದ್ರಾಸ್ ಹತ್ತಿರದ ತೊಲೊಲಿಂಗ್ ಬೆಟ್ಟದಲ್ಲಿ ನಮ್ಮ ವಾಯುಪಡೆಯ ಒಂದು ಎಂಐ-17 ಹೆಲಿಕಾಪ್ಟರಿಗೆ ಶತ್ರುವಿನ ಕ್ಷಿಪಣಿ ಬಡಿಯಿತು. ಒಳಗಿದ್ದ ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ.

ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್. ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್. ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್. ಸಾರ್ಜೆಂಟ್ ರಾಜ್ ಕಿಶೋರ್ ಸಾಹು.

ನಾಲ್ಕು ಹೆಸರನ್ನೂ ಬೇಕು ಅಂತಲೇ ಬಿಡಿಸಿ ಬರೆದಿದ್ದೇನೆ. ಈ ಘಟನೆಯನ್ನು ನೆನೆಯುವವರೇ ಕಡಿಮೆ. ನೆನೆದರೂ ಎಷ್ಟೋ ಸಲ ಪೈಲಟ್ ಹೆಸರಿಗೆ ಮಾತು ನಿಂತುಬಿಡುತ್ತದೆ, ಹೆಚ್ಚೆಂದರೆ ಇಬ್ಬರು ಅಧಿಕಾರಿಗಳ ಹೆಸರು ಬರುತ್ತದೆ, ಆಮೇಲೆ "ಮತ್ತಿಬ್ಬರು". ನನ್ನ ತಕರಾರು ಇರುವುದು ಆ "ಮತ್ತಿಬ್ಬರು" ಅನ್ನುವ ಮಾತಿನ ಬಗ್ಗೆ, ಅಂದರೆ ಇಬ್ಬರು ಸಾರ್ಜೆಂಟ್‌ಗಳ ಹೆಸರು ಬಿಟ್ಟುಹೋಗುವುದರ ಬಗ್ಗೆ.

ನಾನು ಯಾರು ಅಂತ ಎರಡು ಮಾತು ಹೇಳಿಬಿಡುತ್ತೇನೆ. ತಿಪಟೂರು ಕಡೆಯವನು. ಪಿಯುಸಿ ಮುಗಿಸಿ ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿರುವ ಆಯ್ಕೆ ಕೇಂದ್ರದಲ್ಲಿ ಪರೀಕ್ಷೆ ಬರೆದು ಏರ್‌ಮನ್ ಆದವನು, ಅಂದರೆ ವಾಯುಪಡೆಯಲ್ಲಿ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವನು. ಹೆಲಿಕಾಪ್ಟರ್ ಘಟಕಗಳಲ್ಲಿ ಎಂಜಿನ್ ಕೆಲಸ. ಹಾರುವವನಲ್ಲ, ಸರಿಮಾಡಿ ಹಾರಿಸಿ ಕಳಿಸುವವನು. ಕಾರ್ಗಿಲ್ ಯುದ್ಧ ನಡೆಯುವಾಗ ದೇಶದ ಇನ್ನೊಂದು ಮೂಲೆಯಲ್ಲಿದ್ದೆ. ಈ ನಾಲ್ವರನ್ನೂ ಕಂಡವನಲ್ಲ, ಅವರ ಜೊತೆ ಕೆಲಸ ಮಾಡಿದವನೂ ಅಲ್ಲ. ಹಾಗಾಗಿ ಅವರ ಬಗ್ಗೆ ಕಣ್ಣೀರು ತರಿಸುವ ಕಥೆ ಯಾವುದೂ ನನ್ನ ಹತ್ತಿರ ಇಲ್ಲ. ಆದರೆ ಅವರು ಕೂರುತ್ತಿದ್ದ ಜಾಗ ಗೊತ್ತು, ಮಾಡುತ್ತಿದ್ದ ಕೆಲಸ ಗೊತ್ತು. ಅದನ್ನು ಯಾರೂ ಬರೆಯುವುದಿಲ್ಲವಲ್ಲ ಅಂತ ನಾನೇ ಬರೆಯಲು ಕೂತೆ.

ಊರಿಗೆ ರಜೆಗೆ ಬಂದಾಗ ಏರ್‌ಫೋರ್ಸ್ ಅಂದ ತಕ್ಷಣ ಜನ ಕೇಳುವುದು ಒಂದೇ, "ಪ್ಲೇನ್ ಓಡಿಸ್ತೀರಾ?" ಇಲ್ಲ ಅಂದರೆ ಎದುರಿಗಿದ್ದವರ ಮುಖದಲ್ಲಿ ಅರ್ಧ ಗೌರವ ಅಲ್ಲೇ ಇಳಿಯುತ್ತದೆ. ತಪ್ಪು ಅವರದ್ದಲ್ಲ ಬಿಡಿ. ವಿಮಾನ ಅಂದರೆ ಪೈಲಟ್, ಮಿಕ್ಕವರೆಲ್ಲ ಕೆಳಗಡೆ ಟವೆಲ್ ಹಿಡಿದು ನಿಂತವರು ಅನ್ನುವ ಲೆಕ್ಕ ನಮ್ಮಲ್ಲಿ ಬೇರೂರಿಬಿಟ್ಟಿದೆ. ಹೆಲಿಕಾಪ್ಟರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಎಂಐ-17 ದೊಡ್ಡ ಯಂತ್ರ, ಎರಡು ಎಂಜಿನ್ ಇರುವುದು, ಇಪ್ಪತ್ತಕ್ಕೂ ಹೆಚ್ಚು ಸೈನಿಕರನ್ನು ಹೊರುವುದು. ಮುಂದೆ ಇಬ್ಬರು ಪೈಲಟ್‌ಗಳು ಕೂರುತ್ತಾರೆ. ಅವರಿಬ್ಬರ ನಡುವೆ, ಸ್ವಲ್ಪ ಹಿಂದೆ, ಕಾಕ್‌ಪಿಟ್‌ಗೆ ಹೋಗುವ ಬಾಗಿಲಲ್ಲೇ ಒಂದು ಮಡಚುವ ಸೀಟು. ಫ್ಲೈಟ್ ಎಂಜಿನಿಯರ್ ಸೀಟು ಅದು. ಎಂಜಿನಿಯರ್ ಅಂದ ಕೂಡಲೇ ಯಾವ ಕಾಲೇಜು ಅಂತ ಕೇಳಬೇಡಿ. ಇವರು ನಮ್ಮ ಹಾಗೆಯೇ ಏರ್‌ಮನ್ ಆಗಿ ಸೇರಿ, ಕೆಲವು ವರ್ಷ ನೆಲದ ಮೇಲೆ ಎಂಜಿನ್ನೋ ವಿದ್ಯುತ್ತೋ ಶಸ್ತ್ರಾಸ್ತ್ರವೋ ಯಾವುದೋ ಒಂದು ವಿಭಾಗದಲ್ಲಿ ಕೈ ಎಣ್ಣೆ ಮಾಡಿಕೊಂಡು, ಆಮೇಲೆ "ನಾನು ಹಾರುವ ಕೆಲಸಕ್ಕೆ ಬರುತ್ತೇನೆ" ಅಂತ ತಾವಾಗಿ ಮುಂದೆ ಬಂದು, ವೈದ್ಯಕೀಯ ಪರೀಕ್ಷೆ, ತರಬೇತಿ ಎಲ್ಲ ದಾಟಿ ಎದೆಯ ಮೇಲೆ ಒಂಟಿ ರೆಕ್ಕೆಯ ಬ್ಯಾಡ್ಜ್ ಹಾಕಿಕೊಂಡವರು. ಪೈಲಟ್‌ಗೆ ಜೋಡಿ ರೆಕ್ಕೆ, ಇವರಿಗೆ ಒಂದೇ. ಫ್ಲೈಟ್ ಗನ್ನರ್ ಕಥೆಯೂ ಇದೇ.

ತಾವಾಗಿ ಮುಂದೆ ಬಂದವರು ಅನ್ನುವ ಮಾತನ್ನು ದಯವಿಟ್ಟು ಗಮನಿಸಿ. ಯಾರೂ ಬಲವಂತ ಮಾಡಿ ಕೂರಿಸಿದ್ದಲ್ಲ. ನೆಲದ ಮೇಲಿನ ಕೆಲಸದಲ್ಲಿ ಸಂಜೆ ಆದರೆ ಬ್ಯಾರಕ್‌ಗೆ ಬರಬಹುದು, ಮದುವೆಯಾಗಿದ್ದರೆ ಕ್ವಾರ್ಟರ್ಸ್‌ಗೆ ಹೋಗಬಹುದು. ಹಾರುವ ಕೆಲಸಕ್ಕೆ ಸ್ವಲ್ಪ ಭತ್ಯೆ ಜಾಸ್ತಿ, ಅದರ ಆಸೆಯೂ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಬರೀ ಭತ್ಯೆಗೆ ಯಾರೂ ಹಾರುವುದಿಲ್ಲ. ನಾನು ಕಂಡ ಹುಡುಗರೆಲ್ಲ ಹಾರಾಟದ ಹುಚ್ಚು ಹಿಡಿಸಿಕೊಂಡವರು. ಚಿಕ್ಕಂದಿನಲ್ಲಿ ಪೈಲಟ್ ಆಗಬೇಕು ಅಂದುಕೊಂಡು, ಇಂಗ್ಲಿಷ್ ಬರದೆಯೋ ಡಿಗ್ರಿಗೆ ಮನೆಯಲ್ಲಿ ದುಡ್ಡಿಲ್ಲದೆಯೋ ಅಧಿಕಾರಿ ಆಗಲು ಸಾಧ್ಯವಾಗದೆ, ಹಿಂದಿನ ಬಾಗಿಲಿನಿಂದಾದರೂ ಆಕಾಶಕ್ಕೆ ಏರಿದವರು.

ಅವರ ಕೆಲಸ ಏನು? ಸ್ಟಾರ್ಟ್ ಮಾಡುವಾಗ ಎರಡು ಎಂಜಿನ್ನಿನ ಬಿಸಿ, ಎಣ್ಣೆಯ ಒತ್ತಡ, ಗೇರ್‌ಬಾಕ್ಸ್, ಇಂಧನ ಎಲ್ಲದರ ಮೇಲೂ ಕಣ್ಣಿಡುವುದು. ಮುಳ್ಳು ಎಲ್ಲಿ ಒಂದು ಕೂದಲಷ್ಟು ಅಲುಗಿದರೂ ಮೊದಲು ಹೇಳುವವನು ಫ್ಲೈಟ್ ಎಂಜಿನಿಯರ್. ಬೆಟ್ಟದ ಸಣ್ಣ ಹೆಲಿಪ್ಯಾಡಿನಲ್ಲಿ ಇಳಿಯುವಾಗ ಪೈಲಟ್‌ಗೆ ಹಿಂದೆ ಕಾಣುವುದಿಲ್ಲ. ಹಿಂದಿನ ಚಕ್ರದ ಕೆಳಗೆ ಕಲ್ಲಿದೆಯಾ, ಬಾಲದ ರೆಕ್ಕೆ ಯಾವುದಕ್ಕಾದರೂ ತಾಗುತ್ತದಾ, ಇನ್ನೆಷ್ಟು ಅಡಿ ಇಳಿಯಬೇಕು, ಇದನ್ನೆಲ್ಲ ತೆರೆದ ಬಾಗಿಲಿಂದ ಅರ್ಧ ಮೈ ಹೊರಗೆ ಹಾಕಿ ನೋಡಿ ಹೇಳಬೇಕು. ಆ ಮಾತನ್ನು ನಂಬಿ ಪೈಲಟ್ ಇಳಿಸುತ್ತಾನೆ. ದಾಳಿಗೆ ಹೊರಟಾಗ ರಾಕೆಟ್, ಬಂದೂಕು ಎಲ್ಲ ಸರಿ ಇದೆಯಾ ಅನ್ನುವುದು ಗನ್ನರ್ ತಲೆನೋವು. ಯುದ್ಧದಲ್ಲಿ ಗಾಯಾಳುಗಳನ್ನು ತುಂಬಿಕೊಂಡು ಬರುವಾಗ ಸ್ಟ್ರೆಚರ್ ಎಳೆದು ಒಳಗೆ ಹಾಕಿಕೊಳ್ಳುವ ಕೈಗಳೂ ಇವರವೇ.

ಈಗ ಆ ದಿನದ ಮಾತು. 1999ರ ಮೇ 25ರಂದು ಸರ್ಕಾರ ವಾಯುಪಡೆ ಬಳಸಲು ಒಪ್ಪಿಗೆ ಕೊಟ್ಟಿತು, ನಿಯಂತ್ರಣ ರೇಖೆ ಮಾತ್ರ ದಾಟಬಾರದು ಅನ್ನುವ ಷರತ್ತಿನ ಮೇಲೆ. ಮೇ 26ರಂದು ದಾಳಿ ಶುರುವಾಯಿತು. 27ರಂದು ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರ ಮಿಗ್-27 ಎಂಜಿನ್ ಆರಿಹೋಗಿ, ಅವರು ಪ್ಯಾರಾಚೂಟ್‌ನಲ್ಲಿ ಇಳಿದು ಪಾಕಿಸ್ತಾನದ ಕೈಗೆ ಸಿಕ್ಕರು. ಅವರನ್ನು ಹುಡುಕಲು ಹೋದ ಸ್ಕ್ವಾಡ್ರನ್ ಲೀಡರ್ ಅಜಯ್ ಆಹುಜಾ ಅವರ ಮಿಗ್-21 ಅನ್ನು ಹೊಡೆದುರುಳಿಸಿದರು, ಅವರು ವಾಪಸ್ ಬರಲಿಲ್ಲ. ಇಷ್ಟು ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಮನೆಮನೆಯಲ್ಲೂ ಟಿ.ವಿ. ಮುಂದೆ ಕೂತು ಯುದ್ಧ ನೋಡಿದ ಮೊದಲ ಸಲ ಅದು. ನಚಿಕೇತ ಬಿಡುಗಡೆಯಾಗಿ ಬಂದಾಗ ಊರಲ್ಲಿ ಪಟಾಕಿ ಹೊಡೆದವರೂ ಇದ್ದರು. ಆ ಎರಡು ವಿಮಾನ ಬಿದ್ದ ಮಾರನೇ ದಿನ ಅಂದರೆ 28ರಂದು ಬಿದ್ದ ಹೆಲಿಕಾಪ್ಟರ್ ಮಾತ್ರ ಈ ಎರಡು ಸುದ್ದಿಗಳ ಹಿಂದೆ ಎಲ್ಲೋ ಸರಿದುಹೋಯಿತು.

ಆ ಎಂಐ-17 ದಾಳಿ ಮಾಡುವುದಕ್ಕೆ ಅಂತ ಮಾಡಿದ ಹೆಲಿಕಾಪ್ಟರ್ ಅಲ್ಲ. ಜನ, ಸಾಮಾನು ಸಾಗಿಸುವ ಯಂತ್ರ. ಆಗ ನಮ್ಮಲ್ಲಿದ್ದ ನಿಜವಾದ ದಾಳಿ ಹೆಲಿಕಾಪ್ಟರುಗಳಿಗೆ ಆ ಎತ್ತರದಲ್ಲಿ ಕೆಲಸ ಮಾಡುವ ಶಕ್ತಿ ಇರಲಿಲ್ಲ. ತೊಲೊಲಿಂಗ್ ಸುತ್ತಮುತ್ತ ಎತ್ತರ ಹದಿನೈದು ಸಾವಿರ ಅಡಿ ಆಸುಪಾಸು. ಗಾಳಿ ತೆಳು. ಎಂಜಿನ್ ಶಕ್ತಿ ಇಳಿಯುತ್ತದೆ, ರೋಟರಿಗೆ ಹಿಡಿತ ಸಿಗುವುದಿಲ್ಲ. ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಫಸ್ಟ್ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುವುದು ನೋಡಿದ್ದೀರಲ್ಲ, ಆಕಾಶದಲ್ಲಿ ಅದೇ ಪರಿಸ್ಥಿತಿ ಅಂದುಕೊಳ್ಳಿ. ಇದರ ಮೇಲೆ ರಾಕೆಟ್ ಪಾಡ್‌ಗಳ ಭಾರ. ಹಾಗಾಗಿ ವೇಗ ಇಲ್ಲ, ಥಟ್ಟನೆ ತಿರುಗಿ ತಪ್ಪಿಸಿಕೊಳ್ಳುವ ಚುರುಕೂ ಇಲ್ಲ. ಕೆಳಗೆ, ಕೆಲವು ಕಡೆ ಮೇಲೆಯೂ, ಬಂಡೆಗಳ ಮರೆಯಲ್ಲಿ ಶತ್ರು. ಅವರ ಹೆಗಲ ಮೇಲೆ ಸ್ಟಿಂಗರ್. 1980ರ ದಶಕದಲ್ಲಿ ಅಫ್ಘಾನಿಸ್ತಾನದಲ್ಲಿ ಸೋವಿಯತ್ ಹೆಲಿಕಾಪ್ಟರುಗಳನ್ನು ಹೊಡೆಯಲು ಅಮೆರಿಕ ಪಾಕಿಸ್ತಾನದ ಮೂಲಕ ಕಳಿಸಿದ್ದು ಇದೇ ಜಾತಿಯ ಕ್ಷಿಪಣಿ. ಒಬ್ಬನೇ ಹೆಗಲ ಮೇಲಿಟ್ಟು ಹಾರಿಸಬಹುದು. ಎಂಜಿನ್ ಹೊಗೆಕೊಳವೆಯ ಬಿಸಿ ಹಿಡಿದು ಬೆನ್ನಟ್ಟುತ್ತದೆ.

ಹೆಲಿಕಾಪ್ಟರುಗಳನ್ನು ದಾಳಿಗೆ ಕೊಡಿ ಅಂತ ಭೂಸೇನೆ ಕೇಳಿತ್ತು, ಆ ಎತ್ತರದಲ್ಲಿ ಅವು ಸುಲಭದ ಗುರಿ ಆಗುತ್ತವೆ ಅಂತ ವಾಯುಪಡೆ ಮುಖ್ಯಸ್ಥರು ಹಿಂದೇಟು ಹಾಕಿದ್ದರು. ಈ ಜಗ್ಗಾಟದ ಬಗ್ಗೆ ಆಮೇಲೆ ಎರಡೂ ಕಡೆಯ ದೊಡ್ಡವರು ಬೇಕಾದಷ್ಟು ಬರೆದಿದ್ದಾರೆ. ಯಾರು ಸರಿ ಅಂತ ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ. ಆದರೆ ಒಂದು ವಿಷಯ ಮಾತ್ರ ಹೇಳಲೇಬೇಕು. ಬಿಸಿ ಹಿಡಿದು ಬರುವ ಕ್ಷಿಪಣಿಯನ್ನು ದಾರಿ ತಪ್ಪಿಸಲು ಹೆಲಿಕಾಪ್ಟರಿನಿಂದ ಉರಿಯುವ ಫ್ಲೇರ್‌ಗಳನ್ನು ಚೆಲ್ಲುತ್ತಾರೆ, ಕ್ಷಿಪಣಿ ಎಂಜಿನ್ ಬಿಟ್ಟು ಅವುಗಳ ಬೆನ್ನು ಹತ್ತುತ್ತದೆ. ಆ ದಿನ ಬಿದ್ದ ಹೆಲಿಕಾಪ್ಟರಿನಲ್ಲಿ ಫ್ಲೇರ್ ಚೆಲ್ಲುವ ವ್ಯವಸ್ಥೆಯೇ ಇರಲಿಲ್ಲ.

ಹೋಗುವವರಿಗೆ ಇದು ಗೊತ್ತಿರುವುದಿಲ್ಲವಾ? ಗೊತ್ತಿರುತ್ತದೆ. ಹೆಲಿಕಾಪ್ಟರಿನಲ್ಲಿ ಏನಿದೆ ಏನಿಲ್ಲ ಅನ್ನುವುದು ಹಾರುವ ತಂಡಕ್ಕೆ ಗೊತ್ತಿಲ್ಲದೆ ಇರುವುದು ಸಾಧ್ಯವೇ ಇಲ್ಲ. ನಮ್ಮಲ್ಲಿ ಎಫ್-700 ಅಂತ ಒಂದು ಪುಸ್ತಕ ಇದೆ. ಪ್ರತಿ ಹಾರಾಟಕ್ಕೆ ಮೊದಲು ಎಂಜಿನ್ ನೋಡಿದವನು, ವಿದ್ಯುತ್ ನೋಡಿದವನು, ಶಸ್ತ್ರ ನೋಡಿದವನು ಎಲ್ಲರೂ ಅದರಲ್ಲಿ ಸಹಿ ಹಾಕಬೇಕು, ಕೊನೆಗೆ ಪೈಲಟ್ ಓದಿ ಸಹಿ ಹಾಕಿ ಯಂತ್ರವನ್ನು ತನ್ನ ಸುಪರ್ದಿಗೆ ತೆಗೆದುಕೊಳ್ಳಬೇಕು. ಆಮೇಲೆಯೇ ಹತ್ತುವುದು. ಇಂಥ ಸಹಿಗಳನ್ನು ನಾನೂ ಹಾಕಿದ್ದೇನೆ. ಸಹಿ ಹಾಕಿದ ಯಂತ್ರ ಸಂಜೆ ವಾಪಸ್ ಬರುವವರೆಗೆ ಊಟ ಸರಿಯಾಗಿ ಇಳಿಯುವುದಿಲ್ಲ, ಯುದ್ಧ ಇಲ್ಲದ ಕಾಲದಲ್ಲೂ. ಆ ದಿನ ಸಹಿ ಹಾಕಿದ ನೆಲದ ಹುಡುಗರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಈಗ ಅವರೂ ನನ್ನ ಹಾಗೆ ನಿವೃತ್ತರಾಗಿ ಎಲ್ಲೋ ಬ್ಯಾಂಕಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಇರಬಹುದು.

ಈ ನಾಲ್ವರು 152ನೇ ಹೆಲಿಕಾಪ್ಟರ್ ಘಟಕದವರು. ಉತ್ತರ ಪ್ರದೇಶದ ಸಹಾರನ್‌ಪುರ ಹತ್ತಿರದ ಸರ್ಸಾವಾ ವಾಯುನೆಲೆಯ ಘಟಕ ಅದು. ಆ ದಿನದ ತಂಡದ ಕರೆಹೆಸರು ನುಬ್ರಾ. ಅವರು ಹೋದ ಕೆಲಸ ಮುಗಿಸಿದ್ದರು, ಇದನ್ನು ದಯವಿಟ್ಟು ಬರೆಯಿರಿ. ತೊಲೊಲಿಂಗ್ ಮೇಲಿದ್ದ ಶತ್ರುವಿನ ಜಾಗಕ್ಕೆ ರಾಕೆಟ್ ಹೊಡೆದು, ತಿರುಗಿ ಹೊರಡುವಾಗ ಕ್ಷಿಪಣಿ ಬಡಿದದ್ದು. ನಾಲ್ವರಿಗೂ ಮರಣೋತ್ತರವಾಗಿ ವಾಯುಸೇನಾ ಪದಕ ಬಂತು. ನಾಲ್ವರಿಗೂ ಒಂದೇ ಪದಕ. ಅಲ್ಲಿ ಮುಂದಿನ ಸೀಟು, ಹಿಂದಿನ ಸೀಟು ಅಂತ ಭೇದ ಮಾಡಲಿಲ್ಲ ಅನ್ನುವುದು ನನಗೆ ಸಮಾಧಾನ. ಭೇದ ಮಾಡುವವರು ನಾವು, ಆಮೇಲೆ ನೆನಪಿಸಿಕೊಳ್ಳುವವರು.

ಅದಾದ ಮೇಲೆ ಎಂಐ-17ಗಳನ್ನು ದಾಳಿ ಕೆಲಸದಿಂದ ತೆಗೆದರು. ಗಾಯಾಳುಗಳನ್ನು ತರುವುದು, ಮದ್ದುಗುಂಡು ಸಾಗಿಸುವುದು ಕೊನೆಯವರೆಗೂ ನಡೆಯಿತು. ದಾಳಿಯ ಕೆಲಸ ಎತ್ತರದಲ್ಲಿ ಹಾರುವ ಯುದ್ಧವಿಮಾನಗಳ ಪಾಲಿಗೆ ಹೋಯಿತು, ಮಿರಾಜ್‌ಗಳು ಬಂದವು. ಆ ಕಥೆ ಎಲ್ಲರಿಗೂ ಗೊತ್ತು.

ಕನ್ನಡ ಪತ್ರಿಕೆಗೆ ಇದು ಯಾಕೆ ಅಂತ ನೀವು ಕೇಳಬಹುದು. ನಾಲ್ವರಲ್ಲಿ ಕನ್ನಡಿಗರು ಯಾರಿದ್ದಾರೆ ಅಂತ ಹುಡುಕಿ, ಇಲ್ಲ ಅಂತ ಗೊತ್ತಾದ ಮೇಲೆ ಪುಟ ತಿರುಗಿಸುವ ಚಾಳಿ ನಮ್ಮಲ್ಲಿ ಇದೆ, ಎಲ್ಲ ರಾಜ್ಯದವರಲ್ಲೂ ಇದೆ. ಆದರೆ ಈ ಬೆಟ್ಟಕ್ಕೂ ನಮಗೂ ನಂಟು ಇಲ್ಲ ಅನ್ನಬೇಡಿ. ಹೆಲಿಕಾಪ್ಟರ್ ಬಿದ್ದ ಎರಡು ವಾರದ ಮೇಲೆ, ಜೂನ್ 13ರ ಬೆಳಗಿನ ಹೊತ್ತಿಗೆ ಅದೇ ತೊಲೊಲಿಂಗ್ ಅನ್ನು ವಾಪಸ್ ಗೆದ್ದದ್ದು 2ನೇ ರಾಜಪುತಾನ ರೈಫಲ್ಸ್. ಅದರ ಮುಖ್ಯಸ್ಥರಾಗಿದ್ದವರು ನಮ್ಮ ಎಂ.ಬಿ. ರವೀಂದ್ರನಾಥ್, ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿದವರು, ವೀರಚಕ್ರ ಪಡೆದವರು. ಕರ್ನಲ್ ರವೀಂದ್ರನಾಥ್ 2018ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ನಮ್ಮ ಪತ್ರಿಕೆಗಳು ಬರೆದವು, ಓದಿದ ನೆನಪಿದೆ. ಅವರ ಹುಡುಗರು ರಾತ್ರಿ ಹತ್ತಿ ಪ್ರಾಣ ಕೊಟ್ಟು ಗೆದ್ದ ಬೆಟ್ಟದ ಮೇಲೆಯೇ ಅವರಿಗಿಂತ ಮೊದಲು ಹಗಲಲ್ಲಿ ಹಾರಿ ಪ್ರಾಣ ಕೊಟ್ಟವರು ಇವರು. ಒಬ್ಬರ ಕಥೆ ಬರೆಯುವಾಗ ಇನ್ನೊಬ್ಬರದ್ದು ಎರಡು ಸಾಲಾದರೂ ಬರಬೇಕಲ್ವಾ?

ಇನ್ನೊಂದು ನಂಟು ನಮ್ಮ ಜಿಲ್ಲೆಯಲ್ಲೇ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದಿರುವುದು ಎಲ್ಲರಿಗೂ ಗೊತ್ತು, 615 ಎಕರೆ, 2023ರ ಫೆಬ್ರುವರಿ 6ರಂದು ಪ್ರಧಾನಿ ಬಂದು ಉದ್ಘಾಟನೆ ಮಾಡಿದರು. ಜಾಗದ ಬೆಲೆ ಎಷ್ಟಾಯಿತು, ಯಾರ ಮಗನಿಗೆ ಕೆಲಸ ಸಿಕ್ಕಿತು, ಇದೇ ಮಾತು ಬಸ್ಸಿನಲ್ಲಿ. 2025ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ 156 ಹಗುರ ದಾಳಿ ಹೆಲಿಕಾಪ್ಟರುಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು, ಸುಮಾರು 62,700 ಕೋಟಿ ರೂಪಾಯಿಯದ್ದು. ಬೆಂಗಳೂರು ಮತ್ತು ತುಮಕೂರಿನಲ್ಲಿ ಅವು ತಯಾರಾಗಬೇಕು. 'ಪ್ರಚಂಡ' ಅಂತ ಹೆಸರಿಟ್ಟಿದ್ದಾರಲ್ಲ, ಅದೇ. ಈ ಹೆಲಿಕಾಪ್ಟರ್ ಬೇಕು ಅನ್ನುವ ಯೋಚನೆ ಹುಟ್ಟಿದ್ದೇ ಕಾರ್ಗಿಲ್‌ನಿಂದ. ಅಷ್ಟು ಎತ್ತರದಲ್ಲಿ ಶಸ್ತ್ರ ಹೊತ್ತು ಹಾರುವ ಯಂತ್ರ ನಮ್ಮಲ್ಲಿ ಇಲ್ಲ ಅನ್ನುವುದು ಆಗ ಸ್ಪಷ್ಟವಾಯಿತು. 2010ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಅದು ಮೊದಲ ಸಲ ಹಾರಿತು, 2022ರ ಅಕ್ಟೋಬರ್‌ನಲ್ಲಿ ಜೋಧಪುರದಲ್ಲಿ ವಾಯುಪಡೆಗೆ ಸೇರಿತು. ಸಿಯಾಚಿನ್ ಹೆಲಿಪ್ಯಾಡುಗಳಲ್ಲಿ ಇಳಿದು ತೋರಿಸಿದ್ದೂ ಆಗಿದೆ. ಫ್ಲೇರ್ ವ್ಯವಸ್ಥೆಯೂ ಅದರಲ್ಲಿದೆ.

ಪ್ರಚಂಡದಲ್ಲಿ ಎರಡೇ ಸೀಟು, ಒಬ್ಬರ ಹಿಂದೆ ಒಬ್ಬರು, ಇಬ್ಬರೂ ಅಧಿಕಾರಿಗಳು. ಸಾರ್ಜೆಂಟ್‌ಗೆ ಅದರಲ್ಲಿ ಜಾಗವೇ ಇಲ್ಲ. ಯುದ್ಧಯಂತ್ರ ಇರಬೇಕಾದದ್ದು ಹಾಗೆಯೇ, ಒಳಗೆ ಜನ ಕಡಿಮೆ ಇದ್ದಷ್ಟೂ ಒಳ್ಳೆಯದು, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಪ್ರಸಾದ್, ಸಾಹು ತರಹದವರು ಸತ್ತ ಮೇಲೆ ಬಂದ ಯಂತ್ರದಲ್ಲಿ ಅವರಂಥವರ ಕುರ್ಚಿಯೇ ಇಲ್ಲದಿರುವಾಗ, ಮುಂದಿನ ತಲೆಮಾರಿನವರಿಗೆ ಹೆಲಿಕಾಪ್ಟರಿನ ಹಿಂದೆ ಇಂಥ ಹುಡುಗರೂ ಇದ್ದರು ಅನ್ನುವುದು ತಾನಾಗಿ ಗೊತ್ತಾಗುವುದಿಲ್ಲ. ಯಾರಾದರೂ ಹೇಳಬೇಕು. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆಯ ಐಟಿಐ ಹುಡುಗರನ್ನು ಕಾರ್ಖಾನೆ ನೋಡಲು ಕರೆದುಕೊಂಡು ಹೋಗುವ ದಿನ ಬಂದರೆ, ಇದು ಯಾಕೆ ಹುಟ್ಟಿತು ಅಂತ ಹೇಳುವ ಒಂದು ಬೋರ್ಡು ಅಲ್ಲಿ ಇದ್ದರೆ ಚೆನ್ನ. ಇದು ಪತ್ರಿಕೆಯ ಕೆಲಸ ಅಲ್ಲ, ಗೊತ್ತು. ಆದರೆ ನೀವು ಬರೆದರೆ ಸಂಬಂಧಪಟ್ಟವರು ಓದುತ್ತಾರೆ. ನಾನು ಬರೆದ ಅರ್ಜಿ ಯಾವ ಮೇಜಿನ ಡ್ರಾಯರಿನಲ್ಲಿ ಮಲಗುತ್ತದೋ ಹೇಳಲಾಗದು.

ಮರೆವು ಬರೀ 1999ರದ್ದಲ್ಲ. 2019ರ ಫೆಬ್ರುವರಿ 27 ನೆನಪು ಮಾಡಿಕೊಳ್ಳಿ. ಅಭಿನಂದನ್ ವರ್ಧಮಾನ್ ಪಾಕಿಸ್ತಾನದ ಕೈಗೆ ಸಿಕ್ಕ ದಿನ. ದೇಶಕ್ಕೆ ದೇಶವೇ ಮೊಬೈಲ್ ಹಿಡಿದು ಕೂತಿತ್ತು, ಅವರ ಮೀಸೆ ಕೂಡ ಫ್ಯಾಷನ್ ಆಯಿತು. ಅದೇ ಬೆಳಗ್ಗೆ ಶ್ರೀನಗರದ ಹತ್ತಿರ ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ತಗುಲಿ ನಮ್ಮದೇ ಒಂದು ಎಂಐ-17 ಬಿತ್ತು. ವಾಯುಪಡೆಯ ಆರು ಜನ ಸತ್ತರು, ನೆಲದ ಮೇಲಿದ್ದ ಒಬ್ಬ ನಾಗರಿಕರೂ ಸತ್ತರು. ಅದು ನಮ್ಮ ದೊಡ್ಡ ತಪ್ಪು ಅಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ವಾಯುಪಡೆ ಮುಖ್ಯಸ್ಥರೇ ಒಪ್ಪಿಕೊಂಡರು. ಒಪ್ಪಿಕೊಂಡದ್ದು ದೊಡ್ಡ ವಿಷಯ, ನಾನು ಅದನ್ನು ಮೆಚ್ಚುತ್ತೇನೆ. ಆದರೆ ನಿಮ್ಮ ಓದುಗರಲ್ಲಿ ಎಷ್ಟು ಜನಕ್ಕೆ ಆ ಆರು ಹೆಸರಲ್ಲಿ ಒಂದಾದರೂ ಬಾಯಿಗೆ ಬರುತ್ತದೆ? ಎರಡು ಸಲವೂ ಒಂದೇ ಆಯಿತು ನೋಡಿ. ಫೈಟರ್ ವಿಮಾನದ ಪೈಲಟ್ ಸೆರೆ ಸಿಕ್ಕ ಸುದ್ದಿಯ ಪಕ್ಕದಲ್ಲೇ ಹೆಲಿಕಾಪ್ಟರ್ ಬಿದ್ದಿತು, ಸೆರೆಯಾದವರು ಬದುಕಿ ಬಂದರು, ನಮ್ಮ ಖುಷಿ ಅಲ್ಲಿಗೆ ಹೋಯಿತು. ಬದುಕಿ ಬಂದವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಧೈರ್ಯ ಅವರದ್ದೇ. ಅವರ ಜೊತೆಗೆ ಇವರನ್ನೂ ಸೇರಿಸಿಕೊಳ್ಳಲು ಜಾಗ ಇಲ್ಲದಷ್ಟು ಚಿಕ್ಕದಾ ನಮ್ಮ ಮನಸ್ಸು ಅಂತ ಅಷ್ಟೇ.

ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರುವರಿ 25ರಂದು, ಬಡ್ಗಾಮ್‌ಗೆ ಎರಡೇ ದಿನ ಮೊದಲು. 25,942 ಹೆಸರುಗಳು ಕಲ್ಲಿನಲ್ಲಿದ್ದವು. ದೊಡ್ಡ ದರ್ಜೆ ಚಿಕ್ಕ ದರ್ಜೆ ಅಂತ ನೋಡದೆ ಒಬ್ಬೊಬ್ಬರಿಗೂ ಒಂದೊಂದು ಕಲ್ಲು. ದ್ರಾಸ್‌ನಲ್ಲಿ, ತೊಲೊಲಿಂಗ್ ಬುಡದಲ್ಲೇ ಇರುವ ಸ್ಮಾರಕ ನಮ್ಮವರು ಲಡಾಖ್ ಟೂರಿಗೆ ಹೋದಾಗ ನೋಡೇ ನೋಡುತ್ತಾರೆ, ಈಗಂತೂ ನಮ್ಮ ಹುಡುಗರು ಬೈಕಿನಲ್ಲೇ ಹೋಗುತ್ತಾರೆ. ಹೋದವರು ಬೆಟ್ಟದ ಜೊತೆ ಸೆಲ್ಫಿ ತೆಗೆಯುವಾಗ ಹೆಲಿಕಾಪ್ಟರ್ ಎಲ್ಲಿ ಬಿದ್ದದ್ದು ಅಂತ ಅಲ್ಲಿನ ಸೈನಿಕರನ್ನು ಒಂದು ಮಾತು ಕೇಳಿ. ಸರ್ಸಾವಾದಲ್ಲಿ 2024ರ ಜುಲೈನಲ್ಲಿ ಕಾರ್ಗಿಲ್‌ನ ಇಪ್ಪತ್ತೈದನೇ ವರ್ಷ ಆಚರಿಸಿದಾಗ ವಾಯುಪಡೆ ಮುಖ್ಯಸ್ಥರು ಹೋಗಿ ಹೂವಿಟ್ಟು ಬಂದರು. ಅಂದರೆ ಪಡೆ ಮರೆತಿಲ್ಲ. ಮರೆತವರು ಹೊರಗಿನವರು, ಅದರಲ್ಲೂ ಕನ್ನಡದಲ್ಲಿ ಓದುವ ನಾವು.

ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್ ತರಬೇತಿ ಶಾಲೆ ಇದೆ, ಈಗ ಅಗ್ನಿವೀರ್‌ವಾಯು ಹುಡುಗ ಹುಡುಗಿಯರೂ ಅಲ್ಲೇ ಕಲಿಯುತ್ತಾರೆ. ನಾನೂ ಅಲ್ಲಿನ ಪೆರೇಡ್ ಮೈದಾನದಲ್ಲಿ ಬೂಟು ಸವೆಸಿದವನೇ, ಜಲಹಳ್ಳಿಯಲ್ಲೂ ಕಲಿತೆ. ದೇಶದ ಎಲ್ಲ ಕಡೆಯಿಂದ ಬಂದ ಹುಡುಗರು ನಮ್ಮ ರಾಜ್ಯದ ನೀರು ಕುಡಿದು, ಬೆಳಗಾವಿ ಕುಂದಾ ಮನೆಗೆ ಪಾರ್ಸೆಲ್ ಮಾಡಿ, ಕನ್ನಡದ ನಾಲ್ಕು ಮಾತು ಕಲಿತು ಏರ್‌ಮನ್ ಆಗುತ್ತಾರೆ. ಅವರಲ್ಲಿ ಕೆಲವರು ಮುಂದೆ ಆ ಮಡಚುವ ಸೀಟಿಗೆ ಹೋಗುತ್ತಾರೆ. ಆ ಹುಡುಗರ ಪಾಸಿಂಗ್ ಔಟ್ ಪೆರೇಡ್ ಸುದ್ದಿಯನ್ನು ನಿಮ್ಮ ಜಿಲ್ಲಾ ಪುಟಗಳಲ್ಲಿ ಫೋಟೊ ಸಮೇತ ಹಾಕುತ್ತೀರಿ. ಒಳ್ಳೆಯದು, ನಿಲ್ಲಿಸಬೇಡಿ.

ನನ್ನ ಕೋರಿಕೆ ಸಣ್ಣದು. ಲೇಖನ ಬೇಡ, ಸಂಪಾದಕೀಯ ಬೇಡ. ಮೇ 28ರ ಪತ್ರಿಕೆಯಲ್ಲಿ ಒಳಪುಟದ ಯಾವುದಾದರೂ ಮೂಲೆಯಲ್ಲಿ ಒಂದು ಚೌಕ. ಅದರಲ್ಲಿ 28 ಮೇ 1999, ತೊಲೊಲಿಂಗ್, 152ನೇ ಹೆಲಿಕಾಪ್ಟರ್ ಘಟಕ, ಎಂಐ-17 ಅಂತ ಒಂದು ಸಾಲು. ಕೆಳಗೆ ನಾಲ್ಕು ಹೆಸರು, ದರ್ಜೆ ಸಮೇತ, ನಾಲ್ಕೂ ಒಂದೇ ಅಳತೆಯ ಅಕ್ಷರದಲ್ಲಿ. ಸಾಹು, ಪ್ರಸಾದ್ ಹೆಸರು ಜಾಗ ಸಾಲದೆ ಕತ್ತರಿಸಬೇಕಾಗಿ ಬಂದರೆ ದಯವಿಟ್ಟು ಮೇಲಿನ ಸಾಲನ್ನು ಕತ್ತರಿಸಿ.

ಜಾಗ ಇಲ್ಲ, ಪುಟ ತುಂಬಿದೆ ಅನ್ನುವುದಾದರೆ ವರ್ಗೀಕೃತ ಜಾಹೀರಾತಿನ ದರ ತಿಳಿಸಿ. ಶ್ರದ್ಧಾಂಜಲಿ ಕಾಲಂ ಆದರೂ ಸರಿ. ತಿಪಟೂರಿನಲ್ಲಿ ನಾವು ಕೆಲವು ಜನ ನಿವೃತ್ತರು ಇದ್ದೇವೆ, ದುಡ್ಡು ಸೇರಿಸಿ ಮೇ 20ರ ಒಳಗೆ ನಿಮ್ಮ ಏಜೆಂಟರ ಕೈಗೆ ಕೊಡುತ್ತೇವೆ.

ಇಂತಿ,
ಒಬ್ಬ ನಿವೃತ್ತ ಏರ್‌ಮನ್
ತಿಪಟೂರು